ಅಣ್ಣನ ರೇಸ್ ಕಾರು ಹಗುರಾಗಲಿಲ್ಲ

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಲಾರಿ ತೂಗುವ ವೇಬ್ರಿಜ್ ಮೇಲೆ ನಿಂತಿದ್ದೆ. ನನ್ನ ತೂಕ ನೋಡಲಿಕ್ಕಲ್ಲ. (ಅದಕ್ಕೆ ಮನೆಯಲ್ಲೊಂದು ಮಷಿನ್ ಇದೆ. ಅದು ಕೆಟ್ಟಿದೆ ಎಂಬುದು ನನ್ನ ನಂಬಿಕೆ.) ಕಟ್ಟಿಗೆ ಲಾರಿ, ಕಲ್ಲಿನ ಟಿಪ್ಪರ್ ನಿಲ್ಲುವ ಜಾಗದಲ್ಲಿ ಅವತ್ತು ನಮ್ಮಣ್ಣನ ಹಳೇ ಕಾಂಟೆಸ್ಸಾ ಕಾರು ನಿಂತಿತ್ತು. ಕಿಟಕಿಯಾಚೆ ಕೂತಿದ್ದ ತೂಕದವನು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದ.

"ಅಕ್ಕಾರ, ನೀವು ಸ್ವಲ್ಪ ಕೆಳಗ ಇಳೀರಿ. ಕಾಟಾ ಭಾಳ ತೋರಸಾಕತ್ತೈತಿ."

ಇಳಿದೆ. ಅಂಕಿಯೂ ಇಳಿಯಿತು. ನನಗೆ ಅವಮಾನ ಆಗುವಷ್ಟು ಇಳಿಯಿತು, ಕಾರಿಗೆ ಸಾಕಾಗುವಷ್ಟು ಇಳಿಯಲಿಲ್ಲ. ಫ್ಯಾಕ್ಟರಿಯಿಂದ ಹೊರಬಿದ್ದಾಗ ಎಷ್ಟು ತೂಗುತ್ತಿತ್ತೋ ಅದಕ್ಕಿಂತ ಮುಕ್ಕಾಲು ಕ್ವಿಂಟಲ್ ಜಾಸ್ತಿ!

ಅದರಲ್ಲೇನು ಅಂತೀರಾ? ಅದು ರೇಸ್ ಕಾರು ಸ್ವಾಮಿ. ಟ್ರ್ಯಾಕಿನಲ್ಲಿ ಓಡಿಸಲಿಕ್ಕೆ ಹಳೇ ಕಾರು ಸಿದ್ಧ ಮಾಡುವವರು ಮೊದಲು ಮಾಡುವ ಕೆಲಸವೇ ತೂಕ ಇಳಿಸುವುದು. ಹಿಂದಿನ ಸೀಟು ಕಿತ್ತರು. ಎಸಿ ಕಿತ್ತರು. ಕಾರ್ಪೆಟ್, ಬಾಗಿಲ ಒಳಗಿನ ರೆಕ್ಸಿನ್, ಸದ್ದು ತಡೆಯಲು ನೆಲಕ್ಕೆ ಬಳಿದಿದ್ದ ಡಾಂಬರಿನಂಥ ಪದರ, ಎಲ್ಲ ಕಿತ್ತು ಕೆರೆದರು. ಇಷ್ಟೆಲ್ಲ ಕಿತ್ತ ಮೇಲೂ ಕಾರು ದಪ್ಪಗಾಗಿದೆ ಎಂದರೆ ಏನರ್ಥ? ಡಯಟ್ ಮಾಡಿ ದಪ್ಪಗಾಗುವುದು ನಾನೊಬ್ಬಳೇ ಎಂದುಕೊಂಡಿದ್ದೆ.

ಕಾರು ಓಡಿಸಬೇಕಾದ ಜುಜೆ ತಲೆ ಮೇಲೆ ಕೈ ಹೊತ್ತು ನಿಂತ. ನಮ್ಮಣ್ಣ ಮಾತ್ರ ಬಾನೆಟ್ ತಟ್ಟಿ ಅಂದ, "ಭಾಳ ಛಲೋ ಆತು. ಗಟ್ಟಿ ಐತಿ ಗಾಡಿ."

ಮೊದಲು ಅಣ್ಣನ ಪರಿಚಯ ಹೇಳಿಬಿಡುತ್ತೇನೆ. ಗುರುಪಾದಪ್ಪ. ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದು, ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆಗಿ ಸೇರಿ, ಅಲ್ಲೇ ತಲೆ ಹಣ್ಣಾಗಿ ರಿಟೈರ್ ಆದವನು. ಅಂಬೇವಾಡಿಯಲ್ಲಿ ಮನೆ. ಎರಡು ಗಲ್ಲಿ ದಾಟಿದರೆ ನನ್ನ ಮನೆ. ಮಿಲ್ಲಿನ ಫಿಟ್ಟರುಗಳನ್ನು ನೀವು ಹತ್ತಿರದಿಂದ ನೋಡಿಲ್ಲದಿದ್ದರೆ ಒಂದು ಮಾತು ತಿಳಿದಿರಲಿ. ಅವರಿಗೆ ತೆಳ್ಳಗಿನದು ಎಂದರೆ ಆಗದು. ಮನೆಯಲ್ಲಿ ಬಟ್ಟೆ ಒಣಹಾಕಲು ಒಂದು ಸರಳು ಬೇಕೆಂದರೆ ಹಬೆ ಹೋಗುವ ಪೈಪು ತಂದು ಗೋಡೆಗೆ ಬಡಿಯುತ್ತಾರೆ. ಅಣ್ಣ ಹಾಕಿಕೊಟ್ಟ ಸರಳಿನಲ್ಲಿ ನನ್ನ ಸೀರೆ ಒಣಗುತ್ತಿದೆ. ಆನೆ ಕಟ್ಟಿದರೂ ಅದು ಬೀಳುವುದಿಲ್ಲ.

ಅವರಲ್ಲೊಂದು ಪದ್ಧತಿಯೂ ಇತ್ತಂತೆ. ಎತ್ತರದಲ್ಲಿ ಏನೇ ವೆಲ್ಡ್ ಮಾಡಿದರೂ, ಮಾಡಿದವನೇ ಮೊದಲು ಅದಕ್ಕೆ ಜೋತು ಬೀಳಬೇಕು. ಅವನು ಬೀಳದಿದ್ದರೆ ಮಾತ್ರ ಉಳಿದವರು ಅದರ ಮೇಲೆ ಕಾಲಿಡುವುದು. ಈ ಕಾರಿನೊಳಗೆ, ಪಲ್ಟಿಯಾದರೂ ಡ್ರೈವರ್ ಜಜ್ಜಿಹೋಗದಿರಲಿ ಎಂದು ಪೈಪುಗಳ ಪಂಜರ ಕಟ್ಟುತ್ತಾರಲ್ಲ, ರೋಲ್ ಕೇಜ್ ಅಂತ, ಅದಕ್ಕೂ ಅಣ್ಣ ಜೋತು ಬಿದ್ದ. ಕಾರಿನ ಛಾವಣಿ ಎಷ್ಟು ಎತ್ತರ ಇರುತ್ತದೆ, ನೀವೇ ಹೇಳಿ! ಮೊಣಕಾಲು ಮಡಚಿಕೊಂಡು, ಕಾಲು ಮೇಲೆತ್ತಿ, ಹಲ್ಲು ಕಚ್ಚಿ ಜೋತು ಬಿದ್ದಿದ್ದ. ಅಷ್ಟಕ್ಕೂ ಸಮಾಧಾನ ಆಗದೆ ರಿಟೈರ್ ಆದ ಇಬ್ಬರು ಗೆಳೆಯರನ್ನು ಕರೆದು ಅವರನ್ನೂ ಜೋತು ಬೀಳಿಸಿದ. ಮರುದಿನ ಬಂದು ಇನ್ನೆರಡು ಪೈಪು ಅಡ್ಡ ಹಾಕಿದ.

ನಗು ಬಂತಲ್ಲ? ನನಗೂ ಬಂದಿತ್ತು. ಮನೆಗೆ ಬಂದು ಅತ್ತುಬಿಟ್ಟೆ.

ಏಕೆಂದರೆ ಕಾರು ಅಣ್ಣನದಲ್ಲ. ಅವನ ಮಗ ಪ್ರವೀಣನದು. ಯಾವುದೋ ಸಾಹೇಬರು ಓಡಿಸಿ ಬಿಟ್ಟ ಕಾಂಟೆಸ್ಸಾ ಹಳಿಯಾಳದ ಒಂದು ಗ್ಯಾರೇಜಿನ ಹಿಂದೆ ಬಳ್ಳಿ ಹಬ್ಬಿಸಿಕೊಂಡು ಬಿದ್ದಿತ್ತು. ಅದನ್ನು ಪ್ರವೀಣ ಎಳೆಸಿಕೊಂಡು ಬಂದ. "ಅತ್ತೀ, ನಮ್ಮ ದೇಶದ ಮಸಲ್ ಕಾರ್, ಪೈಲ್ವಾನ ಗಾಡಿ, ಅಂದ್ರ ಇದ ನೋಡು. ಮೂತಿ ನೋಡು, ಹೆಂಗೈತಿ!" ಎಂದ. ನನಗೆ ಕಂಡದ್ದು ತುಕ್ಕು. ಅವನು ಮತ್ತು ಅವನ ಜೀವದ ಗೆಳೆಯ ಜುಜೆ ಸೇರಿ ಇಂಜಿನ್ ಬಿಚ್ಚಿದರು, ಕೊಲ್ಲಾಪುರದಿಂದ ಪಿಸ್ಟನ್ ತರಿಸಿದರು, ಹಿಂದಿನ ಗಾಲಿಗಳ ಸಸ್ಪೆನ್ಷನ್ ಬದಲಿಸಿದರು. ಜುಜೆ ಹಳಿಯಾಳದ ಆಚೆ ಕಾಡಂಚಿನ ಒಂದು ಊರಿನ ಸಿದ್ದಿ ಹುಡುಗ. ಕೋಗಿಲಬನದಲ್ಲಿ ಟೂರಿಸ್ಟರ ಜೀಪು ಓಡಿಸುತ್ತಾನೆ. ಪ್ರವೀಣ ಕಾರು ಕಟ್ಟುವುದು, ಜುಜೆ ಟ್ರ್ಯಾಕಿನಲ್ಲಿ ಓಡಿಸುವುದು ಎಂದು ಇಬ್ಬರ ನಡುವೆ ಮಾತಾಗಿತ್ತು.

ಮನೆಯಲ್ಲಿ ಎಲ್ಲರದೂ ಒಂದೇ ಹಾಡು. ರೇಸು ಅಂದ್ರ ಸಾಯೂ ಕೆಲಸ, ಬಿಡಪಾ. ಊಟಕ್ಕೆ ಕೂತರೂ ಅದೇ, ಟೀ ಕುಡಿದರೂ ಅದೇ.

ಪ್ರವೀಣ ರೇಸಿನಲ್ಲಿ ಸಾಯಲಿಲ್ಲ. ಕಾರಿಗೆ ಬೇಕಾದ ಒಂದು ಗ್ಯಾಸ್ಕೆಟ್ ತರಲು ಹಳಿಯಾಳಕ್ಕೆ ಬೈಕಿನಲ್ಲಿ ಹೋಗಿದ್ದ. ಕಬ್ಬಿನ ಸೀಜನ್. ಬರುವಾಗ ಹೊತ್ತು ಮುಳುಗಿತ್ತು. ತಿರುವಿನಲ್ಲಿ ಕಬ್ಬಿನ ಟ್ರೈಲರ್ ಒಂದು ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಒಂದು ಹಸಿ ಟೊಂಗೆ ಕೂಡ ಸಿಕ್ಕಿಸಿರಲಿಲ್ಲ. ಅವನು ಹೆಲ್ಮೆಟ್ ಹಾಕಿದ್ದ. ಜೋರಾಗಿಯೂ ಹೋಗುತ್ತಿರಲಿಲ್ಲ. ಕಂಡವರೆಲ್ಲ ಅದನ್ನೇ ಹೇಳಿದರು.

ಹಾಗೆ ಹೇಳಿದ್ದರಿಂದ ಏನು ಬಂತು?

ಕಾರು ಶೆಡ್ಡಿನಲ್ಲಿ ಹಾಗೇ ಉಳಿಯಿತು. ಅದರ ಹಿಂದಿನ ಸೀಟು ನಮ್ಮ ವೈನಿಯ (ಅಣ್ಣನ ಹೆಂಡತಿಯನ್ನು ನಾವು ವೈನಿ ಅಂತೇವೆ) ಪಡಸಾಲೆಯಲ್ಲಿ ಬಿದ್ದಿತ್ತು. ವೈನಿ ಅದರ ಮೇಲೆ ಕೂತು ಅಕ್ಕಿ ಆರಿಸುತ್ತಾರೆ. ಯಾರಾದರೂ ಅದನ್ನು ಗುಜರಿಗೆ ಹಾಕಿ ಎಂದರೆ ಅವರಿಗೆ ಚಹಾ ಸಿಗುವುದಿಲ್ಲ. ರಿಟೈರ್ ಆದ ಮೇಲೆ ಅಣ್ಣ ಒಂದು ದಿನ ಶೆಡ್ಡಿನ ಬೀಗ ತೆಗೆದ. ಜುಜೆಗೆ ಫೋನ್ ಮಾಡಿ, "ಬಾ, ಮುಗಸೂಣು" ಎಂದ. ಅಷ್ಟೇ ಮಾತು.

ಅವತ್ತಿನಿಂದ ಅಣ್ಣ ಪೈಪು ಬೆಸೆಯುತ್ತಲೇ ಇದ್ದ. ಮಗ ಹೇಳಿದ್ದು ತೆಳುವಾದ, ಹಗುರವಾದ ಪೈಪು. ಅಪ್ಪ ಹಾಕಿದ್ದು ಮಿಲ್ಲಿನ ಹಬೆ ತಡೆಯುವಂಥ ಪೈಪು. ವೇಬ್ರಿಜ್ಜಿನಿಂದ ಮನೆಗೆ ಬಂದ ಮೇಲೆ ಜುಜೆ ಮೆಲ್ಲಗೆ ಶುರು ಮಾಡಿದ.

"ಕಾಕಾ, ಸಿಟ್ಟಾಗಬ್ಯಾಡ್ರಿ. ಬಾಗಲದಾಗಿನ ಎರಡು ಪೈಪರ ತೆಗೀರಿ. ಈ ತೂಕಕ್ಕ ಗಾಡಿ ತಿರುವಿನ್ಯಾಗ ಹಿಡಿತಕ್ಕ ಬರೂದಿಲ್ರಿ."

"ತೆಗ್ಯಾಂಗಿಲ್ಲ."

"ಪ್ರವೀಣ ಹೇಳಿದ್ದ ಬ್ಯಾರೆ ಇತ್ರಿ."

"ಪ್ರವೀಣ ಎಲ್ಲಿದ್ದಾನ ಈಗ?"

ಜುಜೆ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ? "ಅಣ್ಣಾ, ಹುಚ್ಚಗಿಚ್ಚ ಹಿಡದೈತೇನು? ಇದು ಬಾಯ್ಲರ್ ಅಲ್ಲ. ರೇಸಿಗೆ ಹೋಗೂ ಗಾಡಿ" ಅಂದೆ.

"ಬಾಯ್ಲರ್ ಒಡದ್ರ ಮಂದಿ ಸಾಯ್ತಾರ ಅಂತ ದಪ್ಪ ಹಾಕ್ತೇವಿ. ಗಾಡಿ ಬಡದ್ರ ಸಾಯೂದಿಲ್ಲೇನು?" ಅಣ್ಣನ ದನಿ ಏರಿತು. "ಇಂವ ಅವರವ್ವಗ ಒಬ್ಬನ ಮಗ. ನಾಳೆ ಏನರ ಆತಂದ್ರ ಆಕಿ ಮುಂದ ಯಾರು ಹೋಗಿ ನಿಲ್ಲವ್ರು? ನೀ ನಿಲ್ತಿ?"

ಜುಜೆ ನೆಲ ನೋಡುತ್ತ, "ಆತ್ರಿ ಕಾಕಾ. ಹೆಂಗೈತಿ ಹಂಗ ಓಡಸ್ತೇನಿ" ಎಂದ. ಇಬ್ಬರು ಹುಡುಗರು ವರ್ಷಗಟ್ಟಲೆ ಕಂಡ ಕನಸು ಅದು. ಗೆಲ್ಲಬಹುದಾದ ಕಾರು ಗೆಲ್ಲುವುದಿಲ್ಲ ಎಂದು ಅವನಿಗೆ ಅವತ್ತೇ ಗೊತ್ತಾಯಿತು. ಒಪ್ಪಿಕೊಂಡ. ನನಗೆ ಅವನನ್ನು ನೋಡಿ ಅಯ್ಯೋ ಅನ್ನಿಸಿತು, ಅಣ್ಣನ ಮೇಲೆ ಸಿಟ್ಟು ಬಂತು, ಆಮೇಲೆ ಅಣ್ಣನನ್ನು ನೋಡಿಯೂ ಅಯ್ಯೋ ಅನ್ನಿಸಿತು.

ಹೋದ ಭಾನುವಾರ ಕೊಲ್ಲಾಪುರದ ಆಚೆ ಒಂದು ಟ್ರ್ಯಾಕಿನಲ್ಲಿ ಹಳೇ ಕಾರುಗಳ ಓಟ ಇತ್ತು. ಒಬ್ಬೊಬ್ಬರೇ ಓಡಿಸುವುದು, ಯಾರ ಸುತ್ತು ಬೇಗ ಮುಗಿಯಿತು ಎಂದು ನೋಡುವುದು. ಕಾರನ್ನು ಲಾರಿಗೆ ಏರಿಸಿಕೊಂಡು ಬೆಳಗಿನ ಜಾವವೇ ಹೊರಟೆವು. ವೈನಿ ಬರಲಿಲ್ಲ, ಬುತ್ತಿ ಕಟ್ಟಿಕೊಟ್ಟರು. ಅಲ್ಲಿ ಕಾರು ತಪಾಸಣೆ ಮಾಡುವವನು ಒಳಗೆ ಇಣುಕಿ, ಅಣ್ಣನ ಪೈಪುಗಳನ್ನು ನೋಡಿ ಹೌಹಾರಿದ.

"ಕಾಯ್ ಹೋ ಕಾಕಾ, ರಣಗಾಡಾ ಆಣಲಾತ್ ಕಾಯ್?" (ಯುದ್ಧದ ಟ್ಯಾಂಕ್ ತಂದಿದ್ದೀರಾ ಅಂತ.) ಸುತ್ತ ನಿಂತವರೆಲ್ಲ ನಕ್ಕರು. ಅಣ್ಣನೂ ನಕ್ಕ. ಅವನಿಗೆ ಅದು ಹೊಗಳಿಕೆ.

ಜುಜೆ ಓಡಿಸಿದ. ನನಗೆ ರೇಸು ಅರ್ಥವಾಗುವುದಿಲ್ಲ, ಆದರೆ ನಿಧಾನ ಯಾವುದು ಎಂಬುದು ಅರ್ಥವಾಗುತ್ತದೆ. ನಮಗಿಂತ ಮುಂಚೆ ಹೋದ ಒಂದು ಪುಟಾಣಿ ಕಾರು, ತರಕಾರಿ ತರಲು ಹೋಗುವಂಥದ್ದು, ನಮಗಿಂತ ಬೇಗ ಸುತ್ತಿ ಬಂದಿತ್ತು. ನೇರ ರಸ್ತೆಯಲ್ಲಿ ಇಂಜಿನ್ ಗುಡುಗಿ ಎದೆ ನಡುಗುತ್ತಿತ್ತು. ತಿರುವು ಬಂದರೆ ಮಾತ್ರ ಕಾರು ತೇಕುತ್ತಿತ್ತು. ಮೂರನೇ ಸುತ್ತಿಗೆ ಜುಜೆಗೆ ತಡೆಯಲಾಗಲಿಲ್ಲವೋ ಏನೋ, ತಿರುವಿಗೆ ಜೋರಾಗಿ ನುಗ್ಗಿಸಿದ. ಹಿಂಭಾಗ ಜಾರಿತು. ಕಾರು ಗಿರಕಿ ಹೊಡೆದು, ಧೂಳೆಬ್ಬಿಸಿ, ಒಟ್ಟಿದ್ದ ಟಯರುಗಳ ಗೋಡೆಗೆ ಧೊಪ್ಪೆಂದು ಬಡಿಯಿತು.

ಅಣ್ಣ ನನ್ನ ಕೈ ಹಿಡಿದ. ಬಳೆ ಒಡೆಯಿತು.

ಧೂಳಿನೊಳಗೆ ಕೆಂಪು ಬಾವುಟ ಕಂಡಿತು. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಇಬ್ಬರು ಓಡಿದರು. ಆಂಬುಲೆನ್ಸ್ ಅಲ್ಲೇ ಇತ್ತು, ಚಾಲೂ ಆಗಿಯೇ ನಿಂತಿತ್ತು. ನಾವು ಬೇಲಿ ದಾಟುವುದರೊಳಗೆ ಜುಜೆ ಬೆಲ್ಟು ಬಿಚ್ಚಿಕೊಂಡು ಹೊರಬಂದಿದ್ದ. ಒಂದು ಗೀರೂ ಇಲ್ಲ. ಮುಖ ಮಾತ್ರ ಸಪ್ಪೆ.

"ಕಾಕಾ, ನಿಮ್ಮ ಪೈಪ ನನ್ನ ಉಳಸಿದ್ವು ನೋಡ್ರಿ" ಎಂದ.

ಅದು ನಿಜವಲ್ಲ. ಆ ಟಯರ್ ಗೋಡೆಗೆ ಚಕ್ಕಡಿ ಬಡಿದಿದ್ದರೂ ಎತ್ತುಗಳಿಗೆ ಏನೂ ಆಗುತ್ತಿರಲಿಲ್ಲ. ಅದು ನನಗೂ ಗೊತ್ತು, ಜುಜೆಗೂ ಗೊತ್ತು. ತೂಕ ಕಡಿಮೆ ಇದ್ದಿದ್ದರೆ ಕಾರು ಜಾರುತ್ತಲೇ ಇರಲಿಲ್ಲವೇನೋ. ಆದರೂ ಆ ಹುಡುಗ ಹಾಗೆ ಹೇಳಿದ. ಅಣ್ಣ ಅವನ ಮುಖ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಆಂಬುಲೆನ್ಸ್ ಕಡೆ ತಿರುಗಿದ.

"ನೋಡಬೇ, ಬೀಳೂಕಿಂತ ಮೊದಲ ಬಂದು ನಿಂತೈತಿ ಇಲ್ಲಿ" ಎಂದ ನನಗೆ.

ಕಡೆಯ ಸ್ಥಾನ ನಮ್ಮದೇ. ನಮ್ಮ ಹಿಂದೆ ಯಾರೂ ಇರಲಿಲ್ಲ. ಲಾರಿಯಲ್ಲಿ ವಾಪಸ್ ಬರುವಾಗ ಬುತ್ತಿಯಲ್ಲಿದ್ದ ರೊಟ್ಟಿ, ಶೇಂಗಾ ಚಟ್ನಿ ಹಾಗೇ ಉಳಿದವು. ನನ್ನ ತಲೆಯಲ್ಲಿ ಒಂದೇ ವಿಚಾರ. ಎಷ್ಟು ಜನ ನಿಂತಿದ್ದರು ಅಲ್ಲಿ, ಒಬ್ಬ ಹುಡುಗ ಸಾಯದಿರಲಿ ಎಂದು! ಬಾವುಟದವನು, ಬೆಂಕಿಯವನು, ಡಾಕ್ಟರು, ಟಯರ್ ಒಟ್ಟಿದವರು. ಇದನ್ನೇ ಅಲ್ಲವೇ ನಾವು ಸಾಯುವ ಕೆಲಸ ಎಂದು ಕರೆದದ್ದು?

ಅಂಬೇವಾಡಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕಾರು ಶೆಡ್ಡಿಗೆ ಸೇರಿತು. ಜುಜೆ ಬೆಳಿಗ್ಗೆ ನಿಲ್ಲಿಸಿ ಹೋಗಿದ್ದ ತನ್ನ ಬೈಕ್ ಹೊರಗೆ ತೆಗೆದ. ಅವನ ಊರಿಗೆ ಹೋಗುವುದು ಅದೇ ಹಳಿಯಾಳದ ರಸ್ತೆಯಲ್ಲಿ. ಈಗಲೂ ಕಬ್ಬಿನ ಸೀಜನ್.

"ಇವತ್ತ ಇಲ್ಲೇ ಮಲ್ಕೊ" ಎಂದ ಅಣ್ಣ.

"ಇಲ್ರಿ ಕಾಕಾ. ಅವ್ವ ಕಾಯಾಕತ್ತಿರ್ತಾಳ."

ಅಣ್ಣ ಬೈಕಿನ ಸುತ್ತ ತಿರುಗಿದ. ಬ್ರೇಕ್ ಹಿಡಿದು ನೋಡಿದ. ಹಿಂದಿನ ಲೈಟು ಉರಿಸಿ ನೋಡಿದ. ಜುಜೆಯ ಹೆಲ್ಮೆಟ್ ಪಟ್ಟಿ ಜಗ್ಗಿದ. ಮಾಡಲಿಕ್ಕೆ ಇನ್ನೇನೂ ಇರಲಿಲ್ಲ. ಬೈಕಿಗೆ ಎಲ್ಲಿ ಪೈಪು ಬೆಸೆಯುತ್ತಾನೆ? ಆಗ ಬಾಗಿಲಲ್ಲಿ ನಿಂತಿದ್ದ ವೈನಿ, ನಾವು ಬಂದಾಗಿನಿಂದ ಕಾರಿನ ಬಗ್ಗೆ ಒಂದೂ ಕೇಳದಿದ್ದವರು, "ಮುಟ್ಟಿದ ಕೂಡ್ಲೆ ಫೋನ್ ಹಚ್ಚಪಾ" ಎಂದರು.

ನಾವು ಮೂವರೂ ಪಡಸಾಲೆಯಲ್ಲಿ ಕೂತೆವು. ಟೀವಿ ಹಚ್ಚಲಿಲ್ಲ. ಹೊರಗೆ ಟ್ರ್ಯಾಕ್ಟರ್ ಸದ್ದು ಕೇಳಿದಾಗಲೆಲ್ಲ ಅಣ್ಣ ತಲೆ ಎತ್ತುತ್ತಿದ್ದ. ನಾನು ಮನೆಗೆ ಹೋಗುತ್ತೇನೆ ಎನ್ನಲೂ ಇಲ್ಲ, ಹೋಗಲೂ ಇಲ್ಲ. ಕಡೆಗೆ ಫೋನ್ ಬಂತು. ಜುಜೆ ಊರು ಮುಟ್ಟಿದ್ದ. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಅಣ್ಣ ಮಾತ್ರ ಏಳಲಿಲ್ಲ.

"ಮುಟ್ಯಾನಲ್ಲ ಅಣ್ಣಾ. ಏಳು, ಉಣ್ಣು" ಅಂದೆ.

"ಮುಟ್ಯಾನ. ಮುಂಜಾನೆ ಮತ್ತ ಇದ ರಸ್ತಾದಾಗ ಡ್ಯೂಟಿಗೆ ಬರಬೇಕಲ್ಲ ಅಂವ?"

ರೇಸಿನ ಅಪಾಯ ಒಂದು ಭಾನುವಾರಕ್ಕೆ ಮುಗಿಯಿತು, ಕೆಲಸಕ್ಕೆ ಹೋಗಿ ಮನೆಗೆ ಬರುವ ಅಪಾಯಕ್ಕೆ ರಜೆ ಯಾವತ್ತು, ಹೇಳಿ?