ದಿನಕ್ಕೊಂದೇ ಸಲ ಬರೆಯುವ ಪೆಟ್ಟಿಗೆ

ನಮ್ಮವರು ಹೋಗುವ ಹಿಂದಿನ ದಿನ ಏನೂ ವಿಶೇಷವಿರಲಿಲ್ಲ. ಎದ್ದರು. ಹಲ್ಲುಜ್ಜುವ ಮೊದಲೇ ಮೆಟ್ಟಿಲ ಬಳಿ ಹೋಗಿ ಪೆಟ್ಟಿಗೆಯ ಗುಂಡಿ ಒತ್ತಿ ಬಂದರು.

"ನನ್ನ ಮುಖ ನೋಡೋಕೆ ಮುಂಚೆ ಅದರ ಮುಖ ನೋಡ್ತೀರಲ್ಲ," ಎಂದೆ.

"ಅದು ಬೈಯಲ್ವಲ್ಲೇ."

ಚಹಾಕ್ಕೆ ಸಕ್ಕರೆ ಕಮ್ಮಿ ಎಂದರು. ನಾನು ಹಾಕಲಿಲ್ಲ. ಒಂದು ಚಮಚ ಹಾಕಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಮಾರನೇ ಬೆಳಗ್ಗೆ ಅವರು ಏಳಲೇ ಇಲ್ಲ. ಎದೆಬಡಿತ ನಿಂತಿದೆ ಎಂದರು ಕೆಳಗಿನ ಕ್ಲಿನಿಕ್ಕಿನ ಕಣ್ಣಿನ ಡಾಕ್ಟರು.

ಪೆಟ್ಟಿಗೆ ಎಂದರೆ ಫೈರ್‌ವಾಲ್. ಇಂಟರ್ನೆಟ್ಟಿನ ಕಳ್ಳಕಾಕರು ಒಳಗೆ ನುಗ್ಗದ ಹಾಗೆ ಬಾಗಿಲು ಕಾಯುತ್ತದೆ. ಕೆಳಗಿನ ಕ್ಲಿನಿಕ್, ನಡುವಿನ ಟೈಲರಮ್ಮನ ಅಂಗಡಿ, ಮೇಲಿನ ನಮ್ಮ ಮನೆ, ಮೂರರ ವೈರುಗಳೂ ಅದಕ್ಕೇ ಬರುತ್ತವೆ.

ನಮ್ಮವರದು ಕಂಪ್ಯೂಟರ್ ರಿಪೇರಿ. ಮೊದಲು ಮೆಟ್ಟಿಲ ಬಳಿ ಈ ಕೆಲಸಕ್ಕೆ ಒಂದು ದೊಡ್ಡ ಕಂಪ್ಯೂಟರ್ ಇತ್ತು. ಅದರ ಹಾರ್ಡ್ ಡಿಸ್ಕ್ ಗುರ್ ಎಂದು ತಿರುಗುತ್ತಿತ್ತು, ಕರೆಂಟ್ ಹೋದರೆ ಕೆಡುತ್ತಿತ್ತು. ಅದನ್ನು ಕಿತ್ತು ಊಟದ ಡಬ್ಬಿಯಷ್ಟು ಪೆಟ್ಟಿಗೆ ಇಟ್ಟರು. ಒಳಗೆ ತಿರುಗುವಂಥದ್ದು ಏನೂ ಇಲ್ಲ, ಫ್ಯಾನೂ ಇಲ್ಲ. ಡಿಸ್ಕಿನ ಬದಲು ಒಂದು ಮೆಮೊರಿ ಕಾರ್ಡ್. ತಿನ್ನುವ ಕರೆಂಟು ಸಣ್ಣ ಬಲ್ಬಿನಷ್ಟು.

ಏಳೇ ತಿಂಗಳಿಗೆ ಕಾರ್ಡ್ ಸತ್ತಿತು. ಯಾರು ಬಂದರು, ಯಾರನ್ನು ತಡೆದೆ ಎಂದು ಪೆಟ್ಟಿಗೆ ಕ್ಷಣಕ್ಷಣಕ್ಕೂ ಅದರಲ್ಲಿ ಬರೆಯುತ್ತಿತ್ತಂತೆ. ಬರೆದೂ ಬರೆದೂ ಕಾರ್ಡ್ ಸವೆಯುತ್ತದಂತೆ. ಕ್ಲಿನಿಕ್ ಒಂದಿಡೀ ದಿನ ಕೈಕಟ್ಟಿ ಕೂತಿತು.

"ತಪ್ಪು ನಂದೇ ಕಣೇ. ಬರೆಯೋಕೆ ಬಿಟ್ಟೆ," ಎಂದು ಊಟ ಬಿಟ್ಟರು.

ಹೊಸ ಕಾರ್ಡ್ ಹಾಕಿ ಬೀಗ ಜಡಿದ ಹಾಗೆ ಮಾಡಿದರು. ಪೆಟ್ಟಿಗೆ ಅದನ್ನು ಓದಬಹುದು, ಬರೆಯುವ ಹಾಗಿಲ್ಲ. ದಿನದ್ದೆಲ್ಲ ನೆನಪಿನಲ್ಲೇ ಇಟ್ಟುಕೊಳ್ಳಬೇಕು. ಕರೆಂಟ್ ಹೋದರೆ ಆ ನೆನಪು ಹೋಗುತ್ತದೆ, ಕಾರ್ಡಿಗೆ ಏನೂ ಆಗುವುದಿಲ್ಲ. ಬೆಳಗ್ಗೆ ಗುಂಡಿ ಒತ್ತಿದಾಗ ಮಾತ್ರ ಒಂದು ಸಲ ಕಾರ್ಡಿಗೆ ಇಳಿಸಿ ಮತ್ತೆ ಬೀಗ. ಆರು ವರ್ಷ ಅದೇ ಕಾರ್ಡ್.

ಅವರು ಹೋದ ತಿಂಗಳಿಗೆ ಡಾಕ್ಟರು ಒಬ್ಬ ಮೆಕ್ಯಾನಿಕ್ಕನನ್ನು ಕರೆತಂದರು. ತಲೆ ನರೆತವನು. ಕೈಯಲ್ಲಿ ಹೊಸ ಪೆಟ್ಟಿಗೆ.

"ಇದು ಮ್ಯೂಸಿಯಂ ಮಾಲು ಅಮ್ಮ. ಕರೆಂಟ್ ಹೋದ್ರೆ ಕೈ ಕೊಡುತ್ತೆ. ಕಿತ್ತುಬಿಡೋಣ."

ನಾನು ಪೆಟ್ಟಿಗೆಗೆ ಅಡ್ಡ ನಿಂತೆ. ಅವರ ಕೈಯ ಕೆಲಸ ಎಂದು ಓಡುತ್ತಿದ್ದದ್ದು ಅದೊಂದೇ. ವಾದಿಸಲು ನನ್ನದು ನಾಲ್ಕನೇ ಕ್ಲಾಸು. ಕರೆಂಟ್ ಹೋದರೆ ಏನಾಗುತ್ತದೆ ನೋಡಲಿ ಎಂದು ಪೆಟ್ಟಿಗೆಯ ಕರೆಂಟ್ ವೈರ್ ಹಿಡಿದು ಎಳೆದೆ.

"ಅಯ್ಯಯ್ಯೋ! ಹಂಗೆಲ್ಲ ಕೀಳಬಾರದು!" ಎಂದ ಮೆಕ್ಯಾನಿಕ್ಕು.

"ಅಕ್ಕಾ, ನೆಟ್ ಹೋಯ್ತು!" ಟೈಲರಮ್ಮ ಕೂಗಿದಳು.

"ತಡಿಯೇ, ಬರುತ್ತೆ!"

ವೈರ್ ಸಿಕ್ಕಿಸಿದೆ. ದೀಪ ಹತ್ತಿತು.

"ಬಂತಕ್ಕಾ!"

ಮತ್ತೆ ಕಿತ್ತೆ. ಮತ್ತೆ ಹೋಯಿತು, ಮತ್ತೆ ಬಂತು. ಮೂರನೇ ಸಲಕ್ಕೆ ಟೈಲರಮ್ಮ, "ಅಕ್ಕಾ, ಆಟ ಆಡ್ತಿದ್ದೀರಾ?" ಎಂದಳು. ನಾಲ್ಕನೇ ಸಲ ಮೆಕ್ಯಾನಿಕ್ಕೇ ನನ್ನ ಕೈ ಹಿಡಿದ.

"ಸಾಕಮ್ಮ, ನನ್ನ ಎದೆ ಹೊಡ್ಕೊಳ್ತಿದೆ. ಕಾರ್ಡಿಗೆ ಬರೆಯೋದೇ ಇಲ್ವಾ ಇದು?"

"ದಿನಕ್ಕೊಂದೇ ಸಲ."

ತನ್ನ ಲ್ಯಾಪ್‌ಟಾಪ್ ಜೋಡಿಸಿ ಒಳಗೆಲ್ಲ ನೋಡಿದ. "ಮಾಡಿದೋರಿಗೆ ತಲೆ ಇತ್ತು," ಎಂದ. ಆಮೇಲೆ ಬೆರಳಿಟ್ಟು ತೋರಿಸಿದ. "ಇಲ್ಲಿ ಎರಡು ದಿನದ್ದು ಇಲ್ಲ."

ಅವರು ಏಳದ ಬೆಳಗ್ಗೆ ಯಾರೂ ಗುಂಡಿ ಒತ್ತಲಿಲ್ಲ. ಸಂಜೆ ಕರೆಂಟ್ ಹೋಯಿತು. ಆ ದಿನದ್ದೂ ಹಿಂದಿನ ದಿನದ್ದೂ ಹೋಯಿತು.

"ಒಂದು ನನಗೆ ಬೇಡ. ಇನ್ನೊಂದು ನನ್ನ ಹತ್ರ ಇದೆ," ಎಂದೆ.

ಡಾಕ್ಟರು ಕನ್ನಡಕ ಒರೆಸಿಕೊಂಡರು. "ಹಾಗಿದ್ರೆ ಇದೇ ಇರಲಿ. ಆದ್ರೆ ಗುಂಡಿ ಒತ್ತೋರು?"

"ಒಂದು ತಿಂಗಳಿಂದ ಯಾರು ಒತ್ತಿದ್ದು ಅಂದ್ಕೊಂಡ್ರಿ?"

ಆರು ತಿಂಗಳಿಗೊಮ್ಮೆ ಬಂದು ನೋಡುತ್ತೇನೆ ಎಂದು ಮೆಕ್ಯಾನಿಕ್ಕು ಹೊಸ ಪೆಟ್ಟಿಗೆ ಎತ್ತಿಕೊಂಡು ಇಳಿದುಹೋದ.

ಈಗಲೂ ಬೆಳಗ್ಗೆ ಎದ್ದವಳೇ ಮೆಟ್ಟಿಲ ಬಳಿ ಹೋಗುತ್ತೇನೆ. ಸೀರೆ ಸೆರಗಿನಿಂದ ಪೆಟ್ಟಿಗೆಯ ಧೂಳು ಒರೆಸಿ ಗುಂಡಿ ಒತ್ತುತ್ತೇನೆ. ಕೆಂಪು ದೀಪ ಮಿಣುಕಿ ಹಸಿರಾಗುವ ತನಕ ನಿಂತಿರುತ್ತೇನೆ. ಆಮೇಲೆ ಹಲ್ಲುಜ್ಜುತ್ತೇನೆ.