ಅಜ್ಜ ಬೆಸಾಂವ್ ಕೇಳಿದ ಸಂಜೆ

ಕಳೆದ ಶನಿವಾರ ಬಿಕರ್ನಕಟ್ಟೆಯ ನಮ್ಮ ಹಳೆಯ ಮನೆಯ ಆಲ್ತಾರ್ ಇಳಿಸಿದೆವು. ದೇವರ ಪಟಗಳಿದ್ದ ಆ ಮರದ ಪೀಠ ಗೋಡೆ ಬಿಡುತ್ತಲೇ ಹಳೆಯ ಮೇಣದ ವಾಸನೆ ಹೊರಬಿತ್ತು. ಆ ವಾಸನೆ ಬಲ್ಲವರಿಗೆ ಸಂಜೆ ಏಳರ ತೇರ್ಸ್ ನೆನಪಾಗದೆ ಇರದು. ಜಪಮಣಿ ಹಿಡಿದು ಇಡೀ ಮನೆ ಮೊಣಕಾಲೂರುತ್ತಿತ್ತು. ಪ್ರಾರ್ಥನೆ ನಡೆಸುವವರು ಅಜ್ಜ. ಜ್ವರವಿದ್ದರೂ ಒಂದು ದಿನವೂ ತಪ್ಪಿಸಿದವರಲ್ಲ. "ಇವರ ತೇರ್ಸ್ ಪಂಪ್‌ವೆಲ್‌ವರೆಗೆ ಕೇಳ್ತದೆ. ದೇವರು ಅಷ್ಟು ದೂರ ಇಲ್ಲ ಮಾರಾಯ್ರೆ" ಎಂದು ಅಜ್ಜಿ ನಗುತ್ತಿದ್ದಳು.

ತೇರ್ಸ್ ಮುಗಿದ ಮೇಲೆ ಕಿರಿಯರು ಕೈಮುಗಿದು ಹಿರಿಯರಲ್ಲಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು ಕ್ರಮ. ಅಜ್ಜ ಎಲ್ಲರ ಹಣೆಗೂ ಶಿಲುಬೆ ಗುರುತು ಹಾಕುತ್ತಿದ್ದರು, ಸಿಸಿಲಿ ಅತ್ತೆಯೊಬ್ಬಳನ್ನು ಬಿಟ್ಟು. ಅವಳು ಅಪ್ಪನ ತಂಗಿ. ಕೊಟ್ಟಾರದಲ್ಲಿ ಹೋಟೆಲಿದ್ದ ಸುಧಾಕರನೆಂಬ ಹಿಂದೂ ಹುಡುಗನನ್ನು ಮದುವೆಯಾಗುತ್ತೇನೆ ಎಂದಿದ್ದಳು. ಅಂದಿನಿಂದ ಅವಳು ಎದುರು ನಿಂತರೆ ಅಜ್ಜ ಮುಖ ತಿರುಗಿಸಿ ಮೇಣದಬತ್ತಿ ಆರಿಸುತ್ತಿದ್ದರು. ಬೆಸಾಂವ್ ಇಲ್ಲದೆ ಮದುವೆಯಾಗಲು ಅವಳಿಗೆ ಮನಸ್ಸಾಗಲಿಲ್ಲ. ಎರಡು ವರ್ಷ ದಿನಾ ಹೋಗಿ ನಿಂತಳು.

ನನಗೆ ಒಂಬತ್ತಿದ್ದಾಗ ಒಂದು ಸಂಜೆ ಸುಧಾಕರನ ಮದುವೆ ಕಾಗದ ಬಂತು, ಹುಡುಗಿ ಬೇರೆ. ಅಜ್ಜ ಅದನ್ನು ಓದಿ, ಅತ್ತೆಯ ಕೈಗೆ ಕೊಟ್ಟು, ತೇರ್ಸ್ ಶುರು ಮಾಡಿದರು. "ನಮ್ಮ ತಪ್ಪುಗಳನ್ನು ಕ್ಷಮಿಸು" ಎನ್ನುವಲ್ಲಿ ದನಿ ನಿಂತಿತು. ಎದ್ದು ಹಿಂದಿನ ಸಾಲಿಗೆ ಹೋದರು. ಮಗಳ ಮುಂದೆ ಮೊಣಕಾಲೂರಿ ಕೈಮುಗಿದರು.

"ನನಗೆ ಬೆಸಾಂವ್ ಕೊಡು ಬಾಯೆ."

ಹಿರಿಯರು ಕಿರಿಯರಲ್ಲಿ ಬೆಸಾಂವ್ ಕೇಳಿದ್ದನ್ನು ನಾವಾರೂ ಕಂಡಿರಲಿಲ್ಲ. ಅಪ್ಪನ ಕೈಯಿಂದ ಜಪಮಣಿ ಜಾರಿ ಬಿತ್ತು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಮೊದಲು ತೇರ್ಸ್ ಮುಗಿಸಿ ಪಪ್ಪ" ಎಂದಳು ಅತ್ತೆ.

ಮುಗಿಸಿದೆವು. ಅವಳು ಬೆಸಾಂವ್ ಕೊಡದೆ ಅಡುಗೆಮನೆಗೆ ಹೋದಳು. ಮರುದಿನದಿಂದ ಅಜ್ಜ ಹಿಂದಿನ ಸಾಲಿನಲ್ಲೇ ಉಳಿದರು. ಅವರ ಪ್ರಾರ್ಥನೆ ಪಕ್ಕದವರಿಗೂ ಕೇಳುತ್ತಿರಲಿಲ್ಲ. ಅದು ಮುಗಿದ ಮೇಲೆ ಮಗಳೆದುರು ಮೊಣಕಾಲೂರುತ್ತಿದ್ದರು, ತೀರಿಕೊಳ್ಳುವವರೆಗೂ, ದಿನಾ. ಅವಳು ಮುಖ ತಿರುಗಿಸಿ ಮೇಣದಬತ್ತಿ ಆರಿಸುತ್ತಿದ್ದಳು.

ಭಾನುವಾರ ಅತ್ತೆ ವಾಮಂಜೂರಿನಿಂದ ರಿಕ್ಷಾದಲ್ಲಿ ಬಂದಳು. ಈಗ ಎಪ್ಪತ್ತೊಂದು ವರ್ಷ. ಆಲ್ತಾರ್ ನಿಮಗೆ ಬೇಕಾ ಎಂದು ಕೇಳಿದೆ.

"ಒಬ್ಬಳೇ ಇರುವವಳಿಗೆ ಅಷ್ಟು ದೊಡ್ಡದು ಎಂತಕ್ಕೆ? ನೀನೇ ಇಟ್ಟುಕೋ."

ಖಾಲಿ ಕೋಣೆಯಲ್ಲಿ ಹಿಂದಿನ ಸಾಲಿದ್ದ ಜಾಗಕ್ಕೆ ಹೋಗಿ ನಿಂತಳು. ಮೊಣಕಾಲೂರಿದ ಮನುಷ್ಯನ ಹಣೆಯಷ್ಟು ಎತ್ತರದಲ್ಲಿ, ಗಾಳಿಯಲ್ಲಿ, ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿದಳು. ರಿಕ್ಷಾ ಹೊರಗೆ ಕಾಯುತ್ತಿತ್ತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಜೆಸಿಬಿ ಬಂತು.