ಬಗ್ಗಿ ಹಾಡುವ ಹಾಡು

ನಿನ್ನೆ ಬೆಳಿಗ್ಗೆ ನಮ್ಮ ಪಡಸಾಲೆಗೆ ಒಂದು ಚೀಲ ಭತ್ತದ ಹುಲ್ಲು ಬಂದು ಬಿದ್ದಿದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ದನಕರು ಇಲ್ಲದ ಮನೆಗೆ ಹುಲ್ಲು ಬಂದರೆ ಓಣಿಯವರು ಸುಮ್ಮನಿರುತ್ತಾರೆಯೇ? ಎದುರುಮನೆಯವರು ಕಾಂಪೌಂಡಿನ ಮೇಲಿಂದ ಕುತ್ತಿಗೆ ಚಾಚಿ, "ಎಮ್ಮಿ ತರಾಕತ್ತೀರೇನ್ರಿ?" ಎಂದು ಕೇಳಿದರು. "ಇಲ್ರಿ, ಕ್ರಿಸ್‌ಮಸ್ ಗೋದಲಿಗೆ" ಎಂದೆ. ಬಾಲಯೇಸುವಿನ ಬೊಂಬೆಯನ್ನು ಮಲಗಿಸಲು ನಾವು ಕಟ್ಟುವ ಕೊಟ್ಟಿಗೆಗೆ ಗೋದಲಿ ಎನ್ನುತ್ತೇವೆ. ಅವರ ಮುಖ ಸ್ವಲ್ಪ ಬಾಡಿತು. ಗಟ್ಟಿ ಹಾಲಿನ ಆಸೆ ಇತ್ತೋ ಏನೋ.

ಹುಲ್ಲಿನ ಜೊತೆಗೆ ಒಂದು ಹೊಣೆಯೂ ಬಂದಿದೆ. ನಮ್ಮ ಚರ್ಚಿನ ಚಿಕ್ಕ ಮಕ್ಕಳಿಗೆ ಹೇಳಿಕೊಡಲು ಮೆತ್ತನೆಯ ಹಾಡು ಆರಿಸಿಕೊಡಬೇಕಂತೆ. ಸಹಾಯವಾಗಲಿ ಎಂದು ಎಲ್ಲರೂ ನನ್ನ ಮೊಬೈಲಿಗೆ ಹಾಡು ಕಳಿಸಿದ್ದಾರೆ. ಒಂದೊಂದೇ ಒತ್ತಿ ಕೇಳಿದೆ. ಎಲ್ಲದರಲ್ಲೂ ಡ್ರಮ್ಮು. ತೊಟ್ಟಿಲ ಹಾಡು ಎಂದು ಬರೆದಿದ್ದರಲ್ಲೂ ಡ್ರಮ್ಮು. ಅಡುಗೆಮನೆಯಿಂದ ಹೆಂಡತಿ, "ಓಣ್ಯಾಗ ಯಾರದ್ರಿ ಮೆರವಣಿಗಿ?" ಎಂದು ಕೇಳಿದಳು.

ಮಕ್ಕಳ ಹಾಡಿನ ವಿಷಯದಲ್ಲಿ ನನಗೆ ಸುತ್ತಮುತ್ತ ಸ್ವಲ್ಪ ಹೆಸರಿದೆ. ಅದು ಹೇಗೆ ಬಂತೆಂದು ಇದುವರೆಗೆ ಯಾರೂ ವಿಚಾರಿಸಿಲ್ಲ, ಅದಕ್ಕೇ ಇನ್ನೂ ಉಳಿದಿದೆ. ನೀವು ನಮ್ಮವರು, ನಿಮ್ಮ ಮುಂದೆ ಮುಚ್ಚಿಡುವುದೇನು? ಹುಲ್ಲಿನ ವಾಸನೆ ಬೇರೆ ನಿನ್ನೆಯಿಂದ ಮೂಗಿಗೆ ಹತ್ತಿಕೊಂಡು ಕೂತಿದೆ. ಹೇಳಿಯೇ ಬಿಡುತ್ತೇನೆ.

ನನಗೆ ಆಗಷ್ಟೇ ಸಿರುಗುಪ್ಪದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಹಾಸಿಗೆ, ಒಂದು ಸ್ಟೋವು, ಅಜ್ಜನ ಕಾಲದ ಹಾರ್ಮೋನಿಯಂ, ಇಷ್ಟು ಕಟ್ಟಿಕೊಂಡು ಬಸ್ಸಿಳಿದೆ. ಆ ಹಾರ್ಮೋನಿಯಮ್ಮಿನ ಕರಿ ಬಿಳಿ ಮನೆಗಳಲ್ಲಿ ಕೆಲವು ಒತ್ತಿದರೆ ನುಡಿಯುತ್ತಿದ್ದವು, ಉಳಿದವು ಬರೇ ಉಸಿರು ಬಿಡುತ್ತಿದ್ದವು. ನನಗೂ ಅದಕ್ಕೂ ಹೊಂದಿಕೆ ಚೆನ್ನಾಗಿತ್ತು, ಏಕೆಂದರೆ ನನಗೆ ನುಡಿಸಲು ಬರುತ್ತಿರಲಿಲ್ಲ. ಬಾಡಿಗೆ ಖೋಲಿಯಲ್ಲಿ ಜಾಗವಿಲ್ಲವೆಂದು ಅದನ್ನು ಅಲ್ಲಿನ ಪುಟ್ಟ ಚರ್ಚಿನಲ್ಲಿ ಇಡಲು ಹೊತ್ತುಕೊಂಡು ಹೋದೆ. ಪಾಸ್ಟರ್ ಅಯ್ಯನವರು ಬಾಗಿಲಲ್ಲೇ ಎರಡೂ ಕೈ ಮುಗಿದು, "ಸಂಗೀತಗಾರ್ರನ್ನ ಕಳಸು ಅಂತ ಎಷ್ಟು ದಿನದಿಂದ ಪ್ರಾರ್ಥನಾ ಮಾಡಾಕತ್ತಿದ್ವಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅಂಥವರ ಮುಂದೆ ನಿಜ ಹೇಳಲು ಬಾಯಿ ಬರಲಿಲ್ಲ. ಮುಂದಿನ ಭಾನುವಾರದಿಂದ ಚಿಕ್ಕ ಮಕ್ಕಳ ಹಾಡಿನ ತರಗತಿ ನನ್ನ ಕೊರಳಿಗೆ ಬಿತ್ತು.

ಅಲ್ಲಿಯವರೆಗೆ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದವರು ಮಾರ್ತಮ್ಮ. ದೇಶನೂರಿನವರು, ಕೂಲಿಗೆ ಹೋಗುವ ಹೆಂಗಸರ ತಂಡಕ್ಕೆ ಮುಂದಾಳು. ಮಕ್ಕಳನ್ನೂ ತಾಯಂದಿರನ್ನೂ ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಅವರ ದನಿಯ ಬಗ್ಗೆ ಏನು ಹೇಳಲಿ? ಅವರು ಹಾಡಲು ಬಾಯಿ ತೆರೆದರೆ ಕಿಟಕಿಯ ಮೇಲಿನ ಪಾರಿವಾಳಗಳು ಎದ್ದು ಹೋಗಿ ಆಮೆನ್ ಆದ ಮೇಲೆ ವಾಪಸು ಬರುತ್ತಿದ್ದವು. ಮಕ್ಕಳಿಗೆ ಅವರು ಕಲಿಸಿದ್ದು ಸೈತಾನನ ಹಲ್ಲು ಮುರಿಯುವ ಹಾಡು. ಹಲ್ಲಿನ ನಂತರ ಕೈ, ಕೈಯ ನಂತರ ಕಾಲು, ಹೀಗೆ ಅವನಲ್ಲಿ ಮುರಿಯಲು ಏನೂ ಉಳಿಯದಷ್ಟು ಚರಣಗಳಿದ್ದವು. ಸ್ವಲ್ಪ ಮೆಲ್ಲಗೆ ಹಾಡಿದರೆ ಹೇಗೆ ಎಂದು ಒಮ್ಮೆ ಕೇಳಿ ನೋಡಿದೆ. "ದೇವರ ಮುಂದ ಗುಣುಗುಣು ಅನ್ನಾಕ ನಾವೇನು ಕಳವು ಮಾಡೀವೇನ್ರಿ ಸರ?" ಎಂದರು.

ಹಾಡು ಶುರುವಾದ ಕೂಡಲೇ ಒಂದು ಮಗು ಮಾತ್ರ ಕಿವಿ ಮುಚ್ಚಿಕೊಂಡು ಹೊರಗೋಡಿ, ಬಾಗಿಲ ಬಳಿ ಬಿಟ್ಟ ಚಪ್ಪಲಿಗಳ ನಡುವೆ ಕೂತುಬಿಡುತ್ತಿತ್ತು. ಅವಳು ರೂತಿ, ಮಾರ್ತಮ್ಮನ ಸ್ವಂತ ಮೊಮ್ಮಗಳು. ಉಳಿದ ಮಕ್ಕಳು ಸೈತಾನನನ್ನು ಬಡಿಯುವಷ್ಟು ಹೊತ್ತೂ ಇವಳು ಚಪ್ಪಲಿಗಳನ್ನು ಜೋಡಿಸುತ್ತಿದ್ದಳು. ಅಜ್ಜಿ ಎತ್ತಿಕೊಳ್ಳಲು ಹೋದರೆ ಕೊಸರಿಕೊಳ್ಳುವಳು. ಒಂದು ದಿನ ಎಲ್ಲರೂ ಟ್ರ್ಯಾಕ್ಟರ್ ಹತ್ತಿದ ಮೇಲೆ ಮಾರ್ತಮ್ಮ ನನ್ನ ಹತ್ತಿರ ಬಂದು, "ಒಂದಿನ ಬೈದಿಲ್ಲ, ಒಂದಿನ ಹೊಡದಿಲ್ರಿ ಸರ. ನನ್ನ ದನಿ ಕೇಳಿದ್ರ ಸಾಕು ಹುಡುಗಿ ಓಡತೈತಿ" ಎಂದರು. ಆಗ ಮಾತ್ರ ಆ ದನಿ ಸಣ್ಣದಾಗಿತ್ತು. ರೂತಿ ಒಳಗೆ ಬಂದು ಕೂರುವಂಥ ಒಂದು ಹಾಡು ಹುಡುಕಲೇಬೇಕೆಂದು ಅವತ್ತೇ ನಿಶ್ಚಯಿಸಿದೆ.

ಮೊದಲು ಆರಿಸಿದ್ದು ಕುರಿಮರಿಯ ಹಾಡು. ತಪ್ಪಿಸಿಕೊಂಡ ಮರಿಯನ್ನು ಕುರುಬ ಹೆಗಲ ಮೇಲೆ ಹೊತ್ತು ತರುತ್ತಾನೆ. ಇದಕ್ಕಿಂತ ಮೃದುವಾದದ್ದು ಯಾವುದಿದೆ ಹೇಳಿ? ಎರಡನೆಯ ಸಾಲಿಗೇ ಹಚ್ಚೊಳ್ಳಿಯ ಹುಡುಗನೊಬ್ಬ ಕೈ ಎತ್ತಿ, "ಹೊತ್ಕಂಡು ಎಲ್ಲಿಗೆ ಹೊಂಟಾನ್ರಿ, ಸಂತಿಗೇನ್ರಿ?" ಎಂದ. ಅಲ್ಲಪ್ಪ, ಮನೆಗೆ ಎಂದೆ. "ಮನ್ಯಾಗ ಬೀಗರು ಬಂದಾರೇನ್ರಿ?" ಎಂದ. ಅಷ್ಟು ಸಾಕಾಯಿತು. ಮರಿಯ ಮುಂದಿನ ಗತಿ ಎಲ್ಲ ಮಕ್ಕಳಿಗೂ ಹೊಳೆದು ಇಡೀ ತರಗತಿ ಗೊಳೋ ಎಂದು ಅತ್ತಿತು. ಇನ್ನೊಂದು ವಾರ ದೋಣಿಯ ಹಾಡು. ಬಿರುಗಾಳಿ ಶಾಂತವಾಗುವ ಕಥೆ. ಮಕ್ಕಳೆಲ್ಲ ಬಿರುಗಾಳಿಯಾಗಲು ಬಯಸಿದರು, ಶಾಂತವಾಗಲು ಒಬ್ಬರೂ ಒಪ್ಪಲಿಲ್ಲ. ಅವತ್ತು ಹಾರ್ಮೋನಿಯಂ ಇನ್ನೆರಡು ಮನೆ ಕಳೆದುಕೊಂಡಿತು.

ಸೋತು ಕುರುಗೋಡಿನ ನಮ್ಮ ಸೋದರತ್ತೆಯ ಮನೆಗೆ ಹೋದೆ. ಅತ್ತೆ ಸಾಕಿದ ಮಕ್ಕಳಲ್ಲಿ ಅರ್ಧದಷ್ಟು ಅಕ್ಕಪಕ್ಕದ ಮನೆಯವು. ಮಿರ್ಚಿ ಕರಿಯುತ್ತ ನನ್ನ ಕಷ್ಟವನ್ನೆಲ್ಲ ಕೇಳಿ, "ಹಾಡು ಹೊರಗಿಂದ ತರಬ್ಯಾಡೋ ಅಳಿಯಪ್ಪ. ಆ ಹುಡುಗಿ ಯಾವಾಗ ಸುಮ್ಮನ ಕೂಡತೈತಿ, ಆವಾಗ ಅಲ್ಲಿ ಏನು ಕೇಳಸ್ತೈತಿ ಅದನ್ನ ನೋಡು" ಎಂದರು. ನಾನು ತಟ್ಟೆಯ ಮಂಡಕ್ಕಿ ಮಿರ್ಚಿಯ ಕಡೆ ಹೆಚ್ಚು ಗಮನ ಕೊಟ್ಟಿದ್ದರಿಂದ ಆ ಮಾತಿನ ತೂಕ ಅವತ್ತು ಗೊತ್ತಾಗಲಿಲ್ಲ. ಕುರುಗೋಡಿಗೆ ಹೋದದ್ದು ದಂಡವಾಯಿತು ಎಂದುಕೊಂಡೇ ಬಸ್ಸು ಹತ್ತಿದೆ, ಕೈಯಲ್ಲಿ ಇನ್ನೊಂದು ಪೊಟ್ಟಣ ಮಿರ್ಚಿ ಹಿಡಿದು.

ಅಷ್ಟರಲ್ಲಿ ರೂತಿ ಬರುವುದನ್ನೇ ಬಿಟ್ಟಳು. ಟ್ರ್ಯಾಕ್ಟರಿನ ಸದ್ದು ಕೇಳಿದರೆ ಕಾಳು ತುಂಬಿಡುವ ಗುಮ್ಮಿಯ ಹಿಂದೆ ಅಡಗುತ್ತಾಳಂತೆ. ವಿಚಾರಿಸಿಕೊಂಡು ಬನ್ನಿ ಎಂದು ಅಯ್ಯನವರು ನನ್ನನ್ನು ದೇಶನೂರಿಗೆ ಕಳಿಸಿದರು. ಕಾಲುವೆಗೆ ನೀರು ಬಿಟ್ಟಿದ್ದರು, ನೆಲ್ಲು ಹಚ್ಚುವ, ಅಂದರೆ ಭತ್ತ ನಾಟುವ ಕೆಲಸ ಜೋರು ನಡೆದಿತ್ತು. ಹೆಂಗಸರು ಸಾಲಾಗಿ ಬಗ್ಗಿ, ಸಸಿ ಊರುತ್ತ, ಕೆಸರಿನಲ್ಲಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದರು. ಅವರ ನಡುವಿನಿಂದ ಒಂದು ಗುನುಗು ಬರುತ್ತಿತ್ತು. ಮಾತಿಲ್ಲ, ಬರೇ ಧಾಟಿ. ಒಂದು ಎಳೆತಕ್ಕೆ ಒಂದು ಸಸಿ, ಇನ್ನೊಂದು ಎಳೆತಕ್ಕೆ ಒಂದು ಹೆಜ್ಜೆ. ಯಾರು ಎಂದು ನೋಡಿದರೆ ಮಾರ್ತಮ್ಮ. ಅವರ ಬೆನ್ನ ಹಿಂದೆ, ಬದುವಿನ ಮೇಲೆ, ರೂತಿ ಅದೇ ಧಾಟಿಗೆ ತಲೆದೂಗುತ್ತ ಹುಲ್ಲುಕಡ್ಡಿ ಊರುತ್ತಿದ್ದಳು. ಅತ್ತೆಯ ಮಾತು ಆಗ ನೆನಪಾಯಿತು. ಮಿರ್ಚಿ ತಿಂದಿದ್ದು ಸಾರ್ಥಕ ಎನಿಸಿತು.

ಊಟದ ಹೊತ್ತಿಗೆ ಮಾರ್ತಮ್ಮ ಮೇಲೆ ಬಂದಾಗ ಆ ಹಾಡು ಬೇಕು ಎಂದೆ. ಅವರಿಗೆ ನಾಚಿಕೆಯಾಯಿತು. "ಅದು ಹಾಡಲ್ಲ ಬಿಡ್ರಿ ಸರ, ನಡಾ ನೋವು ಮರಿಯಾಕ ಅಂತೀವಿ." ಮೊಮ್ಮಗಳು ಅದಕ್ಕೆ ತಲೆದೂಗುತ್ತಿದ್ದಳು ಎಂದರೆ ನಂಬಲೇ ಇಲ್ಲ. ಪಾಪ, ಬಗ್ಗಿ ದುಡಿಯುವವರಿಗೆ ಬೆನ್ನ ಹಿಂದಿನದು ಕಾಣುವುದಾದರೂ ಹೇಗೆ? ನಾನು ಧಾಟಿಯನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ಬಂದು ಅದಕ್ಕೆ ಮಾತು ಹಾಕಿದೆ:

ಸಣ್ಣ ಸಸಿಯ ಬಲ್ಲ ಯೇಸು, ಸಣ್ಣ ನನ್ನ ಬಲ್ಲ,
ಕೆಸರುಗಾಲ ತೊಳೆದು ಎತ್ತಿ ತೊಡೆಯ ಮೇಲೆ ಇಟ್ಟ.

ಪ್ರಾಸ ಕೂಡಿಲ್ಲ, ಗೊತ್ತು. ಮಕ್ಕಳು ದೂರಲಿಲ್ಲ, ನೀವೂ ದೂರಬೇಡಿ. ಹಾಡು ಕಚ್ಚಿಕೊಂಡಿತು. ರೂತಿ ಮತ್ತೆ ಬರತೊಡಗಿದಳು. ಹೊಸ್ತಿಲ ತನಕ ಬಂದು ಕೂತಳು, ಅಲ್ಲಿಂದ ಒಳಗೆ ಬರಲಿಲ್ಲ. ಅಜ್ಜಿ ಒಳಗಿದ್ದಾಳಲ್ಲ, ಯಾವ ಗಳಿಗೆಯಲ್ಲಿ ಬಾಯಿ ತೆರೆಯುತ್ತಾಳೋ ಎಂಬ ಅಂಜಿಕೆ. ಮಾರ್ತಮ್ಮ ತುಟಿ ಬಿಗಿಹಿಡಿದು ಕೂತಿರುತ್ತಿದ್ದರು. ಈ ಹಾಡಿಗೆ ಅವರು ದನಿ ಸೇರಿಸಲಿಲ್ಲ. ಹೊಲದ ಗುನುಗು ದೇವರ ಮುಂದೆ ಸಲ್ಲದು ಎಂಬುದು ಅವರ ಹಟ.

ಈಗ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಬನ್ನಿ. ಚರ್ಚಿನ ಅಂಗಳದಲ್ಲಿ ಮಂಚಗಳನ್ನು ಜೋಡಿಸಿ ಕಟ್ಟಿದ ವೇದಿಕೆ. ಹಿಂದೆ ಹುಲ್ಲು ಹೊದಿಸಿದ ದೊಡ್ಡ ಗೋದಲಿ, ಅದರ ಮೇಲೆ ಬಿದಿರುಕಡ್ಡಿಯ ನಕ್ಷತ್ರ. ಚರ್ಚಿಗೆ ಸೇರದ ಓಣಿಯವರೂ ಮನೆಮಂದಿ ಸಮೇತ ಬಂದು ಕೂತಿದ್ದರು. ಮಕ್ಕಳಿಗೆ ರಟ್ಟಿನ ರೆಕ್ಕೆ ಕಟ್ಟಿ ಸಾಲಾಗಿ ನಿಲ್ಲಿಸಿದೆ. ಒಂದು ಸಂಗತಿ ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ಈ ಹಾಡನ್ನು ಮಕ್ಕಳು ಇಷ್ಟು ದಿನವೂ ಚಾಪೆಯ ಮೇಲೆ ಕೂತು ಹಾಡಿದ್ದರು. ನಿಂತು ಹಾಡಿದ್ದು ಅವತ್ತೇ ಮೊದಲು.

ನಾನು ಹಾರ್ಮೋನಿಯಂ ಒತ್ತಿದೆ. ಧಾಟಿ ಶುರುವಾಯಿತು. ದೇವದೂತರೆಲ್ಲ ಒಟ್ಟಿಗೆ ಬಗ್ಗಿದರು. ಬಗ್ಗಿ, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದವರಂತೆ ಹಿಡಿದು, ಬಲಗೈಯಿಂದ ಊರುತ್ತ, ಹಿಂದಕ್ಕೆ ಹೆಜ್ಜೆ ಇಟ್ಟರು. ತಾಯಂದಿರು ಈ ಧಾಟಿಗೆ ಬೇರೆ ಏನು ಮಾಡುವುದನ್ನೂ ಆ ಮಕ್ಕಳು ಕಂಡಿರಲಿಲ್ಲ. ಜನ ನಗಲಿಲ್ಲ, ಕೆಲಸವನ್ನು ಪರೀಕ್ಷಿಸತೊಡಗಿದರು. "ಆ ಕಡೀದು ಸಾಲು ಸೊಟ್ಟ ಹೊಂಟೈತಿ ನೋಡವ್ವ" ಎಂದು ಒಬ್ಬಾಕೆ ಅಂದಳು. ನಿಲ್ಲಿಸಬೇಕೆಂದು ನನಗೆ ಹೊಳೆಯುವುದರೊಳಗೆ ದೇವದೂತರು ಊರುತ್ತ ಊರುತ್ತ ಹಿಂಬದಿಯಿಂದಲೇ ಗೋದಲಿಯನ್ನು ಹೊಕ್ಕಿದ್ದರು. ಗೋದಲಿ ಮಲಗಿತು. ನಕ್ಷತ್ರ ಅಯ್ಯನವರ ಮಡಿಲಿಗೆ ಬಂತು. ಹುಲ್ಲಿನ ರಾಶಿಯಲ್ಲಿ ರೆಕ್ಕೆಗಳು, ಕಾಲುಗಳು, ಅಳು. ನಾನು ಗಾಬರಿಯಲ್ಲಿ ಹಾರ್ಮೋನಿಯಂ ಒತ್ತುತ್ತಲೇ ಇದ್ದೆ.

ಮಾರ್ತಮ್ಮ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಚ ಹತ್ತಿದರು. ಇನ್ನು ಸೈತಾನನ ಹಲ್ಲು ಮುರಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಕೇಳಿದ್ದು ಬೇರೆ. "ಬದು ಬಂತಲೇ ಹುಡುಗ್ರಾ. ತಿರುಗ್ರಿ, ಮುಂದಿನ ಮಡಿ ಹಿಡೀರಿ" ಎಂದು ಹೇಳಿ, ತಾವೇ ಬಗ್ಗಿ, ಹೊಲದಲ್ಲಿ ಕೇಳಿದ್ದೆನಲ್ಲ, ಅದೇ ಸಣ್ಣ ದನಿಯಲ್ಲಿ ಗುನುಗತೊಡಗಿದರು. ದೇವರ ಮುಂದೆ, ಊರವರ ಮುಂದೆ. ಅಳು ನಿಂತಿತು. ಮಕ್ಕಳು ಹುಲ್ಲಿನಿಂದ ಎದ್ದು, ಕೈಗೆ ಸಿಕ್ಕ ಹುಲ್ಲನ್ನೇ ಸಸಿ ಮಾಡಿಕೊಂಡು, ತಿರುಗಿ ಸಾಲು ಹಿಡಿದರು.

ಅಂಗಳದ ಅಂಚಿನಲ್ಲಿ ಬಿಟ್ಟ ಚಪ್ಪಲಿಗಳ ನಡುವಿನಿಂದ ರೂತಿ ಎದ್ದು ಬಂದಳು. ಅಜ್ಜಿ ಎದ್ದಾಗ ಕಿವಿ ಮುಚ್ಚಿದ್ದ ಕೈ ತೆಗೆದಿದ್ದಳು. ಮಂಚ ಹತ್ತಿ, ಅಜ್ಜಿಯ ಪಕ್ಕ ನಿಂತು, ಬಗ್ಗಿದಳು. ಮಾರ್ತಮ್ಮ ಪಕ್ಕಕ್ಕೆ ನೋಡಿದರು, ಆದರೆ ಹಾಡು ಬಿಡಲಿಲ್ಲ. ಬಿಟ್ಟರೆ ಮಗು ಓಡಿಹೋದೀತೆಂದು ಅದೇ ಎರಡು ಸಾಲನ್ನು ಮತ್ತೆ ಮತ್ತೆ ಹಾಡಿದರು. ಮಂಚದ ಈ ತುದಿಯಿಂದ ಆ ತುದಿಗೆ ಎಷ್ಟು ಮಡಿ ಗದ್ದೆ ನಾಟಿಯಾಯಿತೋ ನಾನರಿಯೆ. ನನಗೆ ಕಣ್ಣು ಮಂಜಾಗಿತ್ತು. ಹುಲ್ಲಿನ ದೂಳು ಎಂದು ಆಗ ಎಲ್ಲರಿಗೂ ಹೇಳಿದೆ. ದೂಳಲ್ಲ.

ಇಷ್ಟೇ ನನ್ನ ಹೆಸರಿನ ಕಥೆ. ಇವತ್ತು ಬೆಳಿಗ್ಗೆ ಮೊಬೈಲಿನ ಹಾಡುಗಳನ್ನೆಲ್ಲ ಅಳಿಸಿದೆ. ನಿಮ್ಮ ಮನೆಯ ಹಿರಿಯರು ಕೆಲಸ ಮಾಡುವಾಗ ಏನು ಗುನುಗುತ್ತಾರೋ ಅದನ್ನು ಕಳಿಸಿ, ಮಾತು ನಾವು ಹಾಕಿಕೊಳ್ಳೋಣ ಎಂದು ಎಲ್ಲರಿಗೂ ಬರೆದೆ. ಆಮೇಲೆ ನಮ್ಮ ಹಾಡಿನ ಧಾಟಿಯನ್ನೇ ಒಮ್ಮೆ ಸರಿಯಾಗಿ ಕೇಳೋಣವೆಂದು ದೇಶನೂರಿಗೆ ಫೋನು ಹಚ್ಚಿದೆ. ಮಾರ್ತಮ್ಮ ಈಗ ಹಣ್ಣುಮುದುಕಿ, ಹೊಲಕ್ಕೆ ಹೋಗುವುದಿಲ್ಲ. ಹಾಡಿ ಎಂದಿದ್ದೇ ತಡ, ಎದುರುಮನೆಯವರಿಗೂ ಕೇಳುವಂತೆ ಶುರುಮಾಡಿದರು. ಮೊಬೈಲನ್ನು ಕಿವಿಯಿಂದ ದೂರ ಹಿಡಿದು, ಮೆಲ್ಲಗೆ ಹಾಡಿ ಎಂದು ಬೇಡಿಕೊಂಡೆ.

"ಬಳ್ಳಾರಿ ದೂರ ಐತಲ್ರಿ ಸರ. ಮೆಲ್ಲಕ ಅಂದ್ರ ಮುಟ್ಟತೈತೇನ್ರಿ?"

ಹಿಂದಿನಿಂದ ರೂತಿಯ ದನಿ ಕೇಳಿಸಿತು. ಈಗ ಅವಳಿಗೂ ಒಂದು ಕೂಸಿದೆ. "ಅಜ್ಜಿ, ಕೂಸು ಮಲಗೈತಿ. ನೆಲ್ಲು ಹಚ್ಚಿದಂಗ ಹಾಡು. ನಾನೂ ಅಂತೀನಿ."

ಆಮೇಲೆ ಎರಡು ದನಿಗಳು ಒಟ್ಟಿಗೆ, ಸಣ್ಣಗೆ ಬಂದವು. ಕಾಫಿ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. ನಾನು ಮೊಬೈಲನ್ನು ನೆಲದ ಮೇಲಿಟ್ಟು, ಬಗ್ಗಿ, ಚೀಲದಿಂದ ಹಿರಿದ ಹುಲ್ಲನ್ನು ಪಡಸಾಲೆಯ ತುಂಬ ಊರುತ್ತ, ಹಿಂದಕ್ಕೆ ಹಿಂದಕ್ಕೆ ಅವಳತ್ತಲೇ ಬರುತ್ತಿದ್ದೆ.

"ಸಾಲು ಸೊಟ್ಟ ಹೊಂಟೈತ್ರಿ" ಎಂದಳು.